ಬಿಸಿಲು, ಉಪವಾಸ ಮತ್ತು ನರ್ಸಮ್ಮನ ಮಾತು

ತಾಳವಾಡಿ ತಂಪು ಸೀಮೆ ಎಂದು ಹೇಳಿಕೊಂಡೇ ಬೆಳೆದವರು ನಾವು. ಕೆಳಗೆ ಸತ್ಯಮಂಗಲ, ಈರೋಡು ಕಾದ ಹಂಚಿನಂತಿದ್ದರೂ ದಿಂಬಂ ಘಾಟಿಯ 27 ತಿರುವು ಹತ್ತಿ ಬಂದರೆ ಮೈಗೆ ತಣ್ಣನೆ ಗಾಳಿ ಸೋಕುತ್ತಿತ್ತು. ಅರಿಸಿನದ ವ್ಯಾಪಾರಕ್ಕಾಗಿ ನಲವತ್ತು ವರ್ಷ ಈ ದಾರಿಯಲ್ಲಿ ಓಡಾಡಿದ ನಮಗೆ ಈಗ ಆ ವ್ಯತ್ಯಾಸ ಕಡಿಮೆಯಾದಂತೆ ತೋರುತ್ತದೆ. 2024ರ ಏಪ್ರಿಲ್‌ನಲ್ಲಿ ಈರೋಡಿನ ಉಷ್ಣಾಂಶ 42 ಡಿಗ್ರಿ ಮುಟ್ಟಿತು. ಮೇಲೆ ನಮ್ಮಲ್ಲಿಯೂ ಮಧ್ಯಾಹ್ನ ಅಂಗಡಿಯಲ್ಲಿ ಕೂರಲಾಗುತ್ತಿರಲಿಲ್ಲ.

ಭೂಮಿ ಬಿಸಿಯಾಗುತ್ತಿದೆ ಎಂಬ ಸುದ್ದಿಯನ್ನು ಓದಿ ಪತ್ರಿಕೆ ಮಡಿಸಿಡುತ್ತೇವೆ. ಅದು ಮನೆಯೊಳಗಿನ ರೋಗಿಯ ಮಂಚದವರೆಗೂ ಬರುತ್ತದೆಂದು ನಮಗೆ ತಿಳಿಸಿದವರು ಒಬ್ಬ ನರ್ಸಮ್ಮ. ಆ ವರ್ಷ ಮಹಾವೀರ ಜಯಂತಿ ಏಪ್ರಿಲ್ 21ಕ್ಕೆ ಬಂದಿತ್ತು. ಅದರ ಬೆನ್ನಿಗೇ ಬರುವ ಚತುರ್ದಶಿಗೆ ನಮ್ಮ ಅಕ್ಕ ನೀರನ್ನೂ ಬಿಟ್ಟು ಉಪವಾಸ ಮಾಡುವ ಸಂಕಲ್ಪದಲ್ಲಿದ್ದರು. ವಯಸ್ಸು 78. ರಕ್ತದೊತ್ತಡಕ್ಕೂ ಕಾಲಿನ ಊತಕ್ಕೂ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಾರೆ.

ಬಿ.ಪಿ. ನೋಡಲು ಮನೆಗೆ ಬಂದ ನರ್ಸಮ್ಮ ಹೇಳಿದರು: "ಅಜ್ಜಿ, ವಯಸ್ಸಾದ ಮೇಲೆ ಬಾಯಾರಿಕೆ ತಿಳಿಯುವುದೇ ಕಡಿಮೆ. ಬೆವರಿನಲ್ಲಿ ನೀರು ಹೋಗುತ್ತದೆ, ಮಾತ್ರೆಯಿಂದ ಮೂತ್ರದಲ್ಲೂ ಹೋಗುತ್ತದೆ. ಒಳಗೆ ಏನೂ ಬರದಿದ್ದರೆ ಮೂತ್ರಪಿಂಡ ಏನು ಮಾಡೀತು?" ಜಮಾ ಇಲ್ಲದೆ ಬರೀ ಖರ್ಚು. ವ್ಯಾಪಾರಸ್ಥರಾದ ನಮಗೆ ಈ ಲೆಕ್ಕ ಕೂಡಲೇ ಅರ್ಥವಾಯಿತು.

ಅಕ್ಕ ಕಣ್ಣೀರಿಟ್ಟರು. ಅರವತ್ತು ವರ್ಷದ ನೇಮ. ನರ್ಸಮ್ಮ ಧರ್ಮದ ವಿಷಯಕ್ಕೆ ಹೋಗಲಿಲ್ಲ. ಮಾತ್ರೆಯನ್ನು ತಾವಾಗಿಯೇ ಬಿಡಬೇಡಿ, ಡಾಕ್ಟರನ್ನು ಕೇಳಿ ತೀರ್ಮಾನಿಸಿ ಎಂದಷ್ಟೇ ಹೇಳಿ ಹೋದರು. ಷೋಡಶ ಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದಲ್ಲವೇ? ಶಕ್ತಿಯನ್ನು ಮರೆಮಾಡದೆ, ಶಕ್ತಿಯನ್ನು ಮೀರದೆ ತಪಸ್ಸು ಮಾಡುವುದು. ನಾವು ಇದನ್ನು ನೆನಪಿಸಿದೆವು. ಎರಡು ದಿನ ಯೋಚಿಸಿ, ಡಾಕ್ಟರನ್ನೂ ಕೇಳಿ, ಅಕ್ಕ ಒಪ್ಪೊತ್ತು ಊಟಕ್ಕೆ, ಸೂರ್ಯಾಸ್ತದವರೆಗೆ ಕಾಯಿಸಿ ಆರಿಸಿದ ನೀರಿಗೆ ಒಪ್ಪಿದರು. ಜಪ, ಸ್ವಾಧ್ಯಾಯ ಎಂದಿನಂತೆಯೇ ನಡೆಯಿತು.

ನರ್ಸಮ್ಮನಿಂದ ಕಲಿತ ಇನ್ನೂ ಕೆಲವು ಮಾತು ಎಲ್ಲ ಮನೆಗಳಿಗೂ ಉಪಯುಕ್ತ. ಮೂತ್ರ ಕಡು ಹಳದಿಯಾದರೆ, ಎದ್ದು ನಿಂತಾಗ ತಲೆ ಸುತ್ತಿದರೆ ದೇಹದಲ್ಲಿ ನೀರು ಕಡಿಮೆಯಾಗಿರಬಹುದು. ವಾಂತಿ ಭೇದಿಯಾದರೆ ಓ.ಆರ್.ಎಸ್. ಪೊಟ್ಟಣ ಕೊಡಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಇಂಥದೇ ದ್ರಾವಣದಿಂದ ಅಸಂಖ್ಯ ಕಾಲರಾ ರೋಗಿಗಳನ್ನು ಉಳಿಸಿದರು. ಹೃದಯ, ಮೂತ್ರಪಿಂಡದ ರೋಗಿಗಳು ಮಾತ್ರ ಎಷ್ಟು ನೀರು ಕುಡಿಯಬೇಕೆಂದು ವೈದ್ಯರನ್ನೇ ಕೇಳಬೇಕು. ಬಿಸಿಲಿನಲ್ಲಿ ಯಾರಾದರೂ ಮೈ ಸುಡುತ್ತಾ ತೊದಲಿದರೆ ಅಥವಾ ಎಚ್ಚರ ತಪ್ಪಿದರೆ, ನೆರಳಿಗೆ ತಂದು ಮೈ ಒದ್ದೆ ಮಾಡಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಬೆಟ್ಟದ ದಾರಿಯಲ್ಲಿ ದೊಡ್ಡಾಸ್ಪತ್ರೆ ಮುಟ್ಟುವುದು ತಡವಾದೀತು. ಅಲ್ಲಿಯವರೆಗೆ ಮನೆಯವರೇ ದಾದಿಯರು.

ಆಸ್ಪತ್ರೆ ಕಟ್ಟಿಸಲು ನಾವೆಲ್ಲ ದಾನ ಕೊಡುತ್ತೇವೆ, ಒಳ್ಳೆಯದೇ. ನಮ್ಮ ಅಂಗಡಿಯ ಮುಂದೆ ಮೂಟೆ ಹೊರುವ ಹಮಾಲಿಗೆ ನಡುಮಧ್ಯಾಹ್ನ ಎರಡು ಗಂಟೆ ನೆರಳು, ಒಂದು ಕೊಡ ನೀರು ಕೊಡುವುದೂ ಔಷಧ ದಾನವೇ. ಬರುವ ಬೇಸಿಗೆಗೆ ಮುಂಚೆ ಪ್ರತಿ ವ್ಯಾಪಾರಿ ಬಂಧುವೂ ಇಷ್ಟನ್ನು ಮಾಡಲಿ.