ಎಣಿಸಿದವರು ಯಾರು?



ನಿವೃತ್ತ ಶಿಕ್ಷಕನು ತಾನು ಕಲಿಸಿದ್ದನ್ನು ನೆನೆಯುವುದು ವಾಡಿಕೆ. ಇಂದು ನಾನು ಕಲಿತದ್ದನ್ನು ಹೇಳಬೇಕೆಂದಿದ್ದೇನೆ. 1996ರ ಮೇ ತಿಂಗಳಿನಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಹತ್ತು ದಿನಗಳ ಕಾಲ ನಾನು ಮತ್ತೆ ವಿದ್ಯಾರ್ಥಿಯಾಗಿದ್ದೆ. ಆದರೆ ಆ ಕಥೆ ಆರಂಭವಾಗುವುದು ಅದಕ್ಕೂ ಮೂರು ವರ್ಷ ಹಿಂದೆ, ರಾಣೆಬೆನ್ನೂರಿನ ಸಮೀಪದ ನಮ್ಮ ಶಾಲೆಯ ಒಂಬತ್ತನೆಯ ತರಗತಿಯಲ್ಲಿ.

ಅಂದು ಕ್ಲೋರಿನ್ನಿನ ಪರಮಾಣು ತೂಕ 35.5 ಎಂದು ಹಲಗೆಯ ಮೇಲೆ ಬರೆದಿದ್ದೆ. ಕ್ಲೋರಿನ್ನಿನಲ್ಲಿ 35 ಮತ್ತು 37 ತೂಕದ ಎರಡು ಬಗೆಯ ಪರಮಾಣುಗಳು, ಅಂದರೆ ಎರಡು ಸಮಸ್ಥಾನಿಗಳು, ಹೆಚ್ಚು ಕಡಿಮೆ ಮೂರಕ್ಕೆ ಒಂದರಂತೆ ಬೆರೆತಿವೆ, ಆದ್ದರಿಂದ ಸರಾಸರಿ ಮೂವತ್ತೈದೂವರೆ ಎಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸರ, ಕಣ್ಣಿಗೇ ಕಾಣದ್ದನ್ನ ಮೂರು, ಒಂದು ಅಂತ ಎಣಿಸಿದವರು ಯಾರ್ರೀ?”

ನನಗೆ ಉತ್ತರ ಗೊತ್ತಿರಲಿಲ್ಲ. ಬಿ.ಎಸ್ಸಿ.ಯಲ್ಲಿ ‘ರಾಶಿ ರೋಹಿತಮಾಪಕ’ ಎಂಬ ಉಪಕರಣದ ಬಗ್ಗೆ ಅರ್ಧ ಪುಟ ಬಾಯಿಪಾಠ ಮಾಡಿ, ಪರೀಕ್ಷೆಯ ಮರುದಿನವೇ ಮರೆತಿದ್ದೆ. “ಪುಸ್ತಕ ಬರೆದವರು ನಿನಗಿಂತ ಶಾಣ್ಯಾರು. ಬಾಯಿ ಮುಚ್ಚಿ ಕೂಡು” ಎಂದೆ. ತರಗತಿಯೆಲ್ಲ ನಕ್ಕಿತು. ಹುಡುಗ ಕುಳಿತ. ಪ್ರಶ್ನೆ ಕೇಳುವ ವಿದ್ಯಾರ್ಥಿಯನ್ನು ಪ್ರೋತ್ಸಾಹಿಸಬೇಕೆಂದು ಬಿ.ಎಡ್. ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದಿದ್ದವನು ನಾನು!

ಮುಂದೆ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರ ಬೇಸಿಗೆ ಶಿಬಿರಕ್ಕೆ ನನ್ನ ಹೆಸರು ಬಂದಿತು. ಬಂದವರಲ್ಲಿ ಹೆಚ್ಚಿನವರು ಕಾಲೇಜು ಉಪನ್ಯಾಸಕರು. ಪ್ರೌಢಶಾಲೆಯವರು ನಾವು ಮೂವರೇ. ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಉಪನ್ಯಾಸ ಮತ್ತು ಪ್ರಯೋಗ, ಊಟವಾದ ಮೇಲೆ ರಾತ್ರಿ ಹತ್ತರವರೆಗೆ ಲೆಕ್ಕಗಳು. ಎಲ್ಲವೂ ಇಂಗ್ಲಿಷಿನಲ್ಲಿ, ಅದೂ ಓಡುವ ಇಂಗ್ಲಿಷಿನಲ್ಲಿ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಾನು ಸದ್ದಿಲ್ಲದೆ ಹಿಂದಿನ ಸಾಲಿಗೆ ಸರಿದಿದ್ದೆ. ಎಲ್ಲರೂ ತಲೆಯಾಡಿಸುವಾಗ ನಾನೂ ಆಡಿಸಿದೆ. ಕೇಳಿದರೆ ನಗುತ್ತಾರೇನೋ ಎಂಬ ಭಯ. ಮೂರನೆಯ ರಾತ್ರಿ ವಸತಿಗೃಹದಲ್ಲಿ ಚೀಲ ಕಟ್ಟಿ ಊರಿಗೆ ಹೊರಡಲು ಸಿದ್ಧನಾಗಿದ್ದೆ ಎಂಬುದನ್ನು ಇಂದಿಗೂ ಮನೆಯವರಿಗೆ ಹೇಳಿಲ್ಲ.

ತಡೆದವನು ಅಲ್ಲಿಯ ಒಬ್ಬ ಸಂಶೋಧನಾ ವಿದ್ಯಾರ್ಥಿ, ನನಗಿಂತ ಹತ್ತು ವರ್ಷ ಚಿಕ್ಕವನು. “ನಾಳೆ ಬೆಳಿಗ್ಗೆ ಬೇಗ ಬನ್ನಿ ಸರ್, ಯಂತ್ರದ ಹತ್ತಿರವೇ ನಿಂತು ನೋಡೋಣ” ಎಂದ.

ಮರುದಿನ ಅವನು ಕ್ಲೋರೊಬೆಂಜೀನ್ ಎಂಬ ದ್ರವದ ಒಂದು ಚೂರನ್ನು ಯಂತ್ರದೊಳಗೆ ಬಿಟ್ಟ. ಒಳಗೆ ನಿರ್ವಾತ, ಒತ್ತಡ ಹೊರಗಿನ ಗಾಳಿಯ ಒತ್ತಡದ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು. ಆವಿಯಾದ ಅಣುಗಳಿಗೆ ಎಲೆಕ್ಟ್ರಾನುಗಳು ಬಡಿಯುತ್ತವೆ. ಪೆಟ್ಟು ತಿಂದ ಅಣು ತನ್ನದೊಂದು ಎಲೆಕ್ಟ್ರಾನನ್ನು ಕಳೆದುಕೊಂಡು ಧನ ಅಯಾನಾಗುತ್ತದೆ. ಕೆಲವು ಒಡೆದು ಚೂರಾಗುತ್ತವೆ. ಈ ಅಯಾನುಗಳನ್ನು ವೇಗವಾಗಿ ಓಡಿಸಿ ಕಾಂತಕ್ಷೇತ್ರದೊಳಗೆ ಹಾಯಿಸಿದರೆ ಹಗುರವಾದದ್ದು ಹೆಚ್ಚು ಬಾಗುತ್ತದೆ, ಭಾರವಾದದ್ದು ಕಡಿಮೆ. ನನಗೆ ಥಟ್ಟನೆ ನೆನಪಾದದ್ದು ನಮ್ಮೂರಿನ ಕಣ! ಗಾಳಿಗೆ ತೂರಿದಾಗ ಹೊಟ್ಟು ದೂರ ಹಾರುತ್ತದೆ, ಕಾಳು ಹತ್ತಿರ ಬೀಳುತ್ತದೆ. ಅಲ್ಲಿ ಗಾಳಿ, ಇಲ್ಲಿ ಕಾಂತ. ಎರಡೂ ರಾಶಿಯ ಕೆಲಸವೇ.

ಕಾಗದದ ಮೇಲೆ ಗೆರೆಗಳು ಮೂಡಿದವು. 112ರಲ್ಲಿ ಒಂದು ಎತ್ತರದ ಗೆರೆ, 114ರಲ್ಲಿ ಅದರ ಮೂರನೆಯ ಒಂದರಷ್ಟು ಗಿಡ್ಡ ಗೆರೆ. “ಎತ್ತರ ಅಂದರೆ ಎಷ್ಟು ಅಯಾನುಗಳು ಬಂದು ತಲುಪಿದವು ಅನ್ನೋ ಲೆಕ್ಕ ಸರ್. ಮೂರಕ್ಕೆ ಒಂದು, ನೋಡಿ. ಕ್ಲೋರಿನ್ 35, ಕ್ಲೋರಿನ್ 37.”

ನಾನು ಮಾತಾಡಲಿಲ್ಲ. ಎಣಿಸಿದವರು ಯಾರೆಂದು ಕೇಳಿದ ಹುಡುಗ ಕಣ್ಣ ಮುಂದೆ ಬಂದಿದ್ದ.

ಅಂದು ಮಧ್ಯಾಹ್ನದ ಉಪನ್ಯಾಸದಲ್ಲಿ ಮೊದಲ ಬಾರಿಗೆ ಕೈಯೆತ್ತಿ ಅವನ ಪ್ರಶ್ನೆಯನ್ನೇ ಕೇಳಿದೆ: ಮೊದಲು ಎಣಿಸಿದವರು ಯಾರು? ಯಾರೂ ನಗಲಿಲ್ಲ. ಪ್ರಾಧ್ಯಾಪಕರು ಸಂತೋಷದಿಂದ ವಿವರಿಸಿದರು. ಕೇಂಬ್ರಿಜ್‌ನಲ್ಲಿ ಜೆ.ಜೆ. ಥಾಮ್ಸನ್ ನಿಯಾನ್ ಅನಿಲದಲ್ಲಿ 20ರ ಜೊತೆಗೆ 22 ತೂಕದ ಗುರುತನ್ನೂ ಕಂಡಿದ್ದರು. ಅವರ ಸಹಾಯಕರಾಗಿದ್ದ ಆಸ್ಟನ್, ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ ಉತ್ತಮ ಉಪಕರಣವೊಂದನ್ನು ಕಟ್ಟಿ, ಕ್ಲೋರಿನ್ ಸಹಿತ ಹಲವು ಧಾತುಗಳ ಸಮಸ್ಥಾನಿಗಳನ್ನು ಬೇರ್ಪಡಿಸಿ ತೋರಿಸಿದರು. 1922ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು.

ಆ ರಾತ್ರಿಯ ಲೆಕ್ಕ ಇಂದಿಗೂ ನೆನಪಿದೆ. 156 ಮತ್ತು 158ರಲ್ಲಿ ಬಹುತೇಕ ಸಮಾನ ಎತ್ತರದ ಎರಡು ಗೆರೆ, ಕೆಳಗೆ 77ರಲ್ಲಿ ಇನ್ನೊಂದು. ವಸ್ತು ಯಾವುದು? ಸಮಾನ ಎತ್ತರವೆಂದರೆ ಬ್ರೋಮಿನ್; ಅದರ 79 ಮತ್ತು 81 ಸರಿಸುಮಾರು ಅರ್ಧರ್ಧ ಇರುತ್ತವೆ. 156ರಲ್ಲಿ 79 ಕಳೆದರೆ 77, 158ರಲ್ಲಿ 81 ಕಳೆದರೂ 77. ಅದು ಬೆಂಜೀನ್ ಉಂಗುರದ ಚೂರು. ಬ್ರೋಮೊಬೆಂಜೀನ್! ಯಾರನ್ನೂ ಕೇಳದೆ ಬಿಡಿಸಿದ್ದೆ. ಕಟ್ಟಿದ್ದ ಚೀಲವನ್ನು ಬಿಚ್ಚಿದೆ.

ಜೂನ್‌ನಲ್ಲಿ ಶಾಲೆ ತೆರೆದಾಗ ಆ ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಿ ಊರು ಬಿಟ್ಟಾಗಿತ್ತು. ಅಂದಿನಿಂದ ನಿವೃತ್ತಿಯವರೆಗೆ ಈ ಪಾಠವನ್ನು ನಾನು ಅವನ ಪ್ರಶ್ನೆಯಿಂದಲೇ ಆರಂಭಿಸಿದೆ. ‘ಕಣದ ಪಾಠ’ ಎಂದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

2002ರಲ್ಲಿ ಇದೇ ವಿದ್ಯೆಗೆ ಸಂಬಂಧಿಸಿ ನೊಬೆಲ್ ಪಡೆದವರಲ್ಲಿ ಜಪಾನಿನ ಕೊಯಿಚಿ ತನಾಕಾ ಒಬ್ಬರು. ಪದವಿ ಮಾತ್ರ ಓದಿದ್ದ ಕಂಪನಿಯ ಎಂಜಿನಿಯರ್. ಒಮ್ಮೆ ಅವರು ಕೋಬಾಲ್ಟ್ ಪುಡಿಗೆ ತಪ್ಪಿ ಗ್ಲಿಸರಿನ್ ಬೆರೆಸಿದರಂತೆ. ಚೆಲ್ಲಲು ಮನಸ್ಸಾಗದೆ ಅದನ್ನೇ ಬಳಸಿ ನೋಡಿದರು. ದೊಡ್ಡ ಅಣುಗಳನ್ನು ಒಡೆಯದೆ ಅಯಾನಾಗಿಸುವ ದಾರಿ ಅಲ್ಲಿಂದ ತೆರೆಯಿತು. ಅವರು ತಮ್ಮ ತಪ್ಪನ್ನೂ ಚೆಲ್ಲಲಿಲ್ಲ. ನಾನು ಮಗುವಿನ ಒಳ್ಳೆಯ ಪ್ರಶ್ನೆಯನ್ನೇ ಚೆಲ್ಲಿದ್ದೆ.

2011ರಲ್ಲಿ ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಅವನು ಸಿಕ್ಕ, ಈಗ ಅದರ ಮಾಲೀಕ. ಕಾಲು ಮುಟ್ಟಿ ನಮಸ್ಕರಿಸಿದ. ಹಳೆಯ ಸಂಗತಿ ಹೇಳಿ ಕ್ಷಮೆ ಕೇಳಿದೆ. ನಕ್ಕು, “ಪ್ರಶ್ನೆ ನೆನಪಿಲ್ರೀ ಸರ, ನೀವು ಬೈದದ್ದು ನೆನಪೈತಿ. ಆಮ್ಯಾಲೆ ನಾ ಏನೂ ಕೇಳಲಿಲ್ಲ” ಎಂದ. ನಗುತ್ತಲೇ ಹೇಳಿದ, ನನಗೆ ನಗಲಾಗಲಿಲ್ಲ. ತುಸು ಹೊತ್ತು ಬಿಟ್ಟು ಅವನೇ ಕೇಳಿದ: “ಹಂಗಾರ ಎಣಿಸಿದವರು ಯಾರ್ರೀ?”

ಬಿಲ್ಲಿನ ಹಿಂಬದಿಯಲ್ಲಿ ಎರಡು ಗೆರೆ ಎಳೆದು, ಹದಿನೆಂಟು ವರ್ಷ ತಡವಾಗಿ ಪಾಠ ಹೇಳಿದೆ.

ನಿಮ್ಮಲ್ಲಿ ಇನ್ನಾರನ್ನಾದರೂ ನಾನು ಹಾಗೆ ಕೂಡಿಸಿದ್ದರೆ ಕ್ಷಮಿಸಿ. ಪ್ರಶ್ನೆ ನೆನಪಿದ್ದರೆ ಈಗಲಾದರೂ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳುತ್ತೇನೆ.