ಹಿತ್ತಲಲ್ಲಿ ಹುಟ್ಟಿದ ಗಾಡಿ

ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಬೇಸಿಗೆ ಎಂದರೆ ಹೊಲದಲ್ಲಿ ಕೆಲಸವಿಲ್ಲ, ಕೆರೆಯಲ್ಲಿ ನೀರಿಲ್ಲ, ಕಾಲೇಜಿಗೆ ರಜೆ. 2019ರ ಅಂಥ ಬೇಸಿಗೆಯಲ್ಲಿ, ಮೊದಲ ಪಿಯುಸಿ ಮುಗಿಸಿದ ಹುಡುಗನೊಬ್ಬ ದಾವಣಗೆರೆಯ ಗುಜರಿಯಿಂದ ಆಟೊರಿಕ್ಷಾದ ಹಿಂಭಾಗವನ್ನಷ್ಟೇ ತಂದು ಮನೆಯ ಹಿತ್ತಲಲ್ಲಿ ಇಳಿಸಿದ. ಎಂಜಿನ್, ಗೇರುಪೆಟ್ಟಿಗೆ, ಎರಡು ಚಕ್ರ. ‘ಮುಂದಿನ ಭಾಗ ಎಲ್ಲೋ?’ ಎಂದು ಪಕ್ಕದ ಮನೆಯವರು ಕೇಳಿದರೆ, ‘ಅದನ್ನ ನಾನೇ ಮಾಡ್ತೀನಿ’ ಎಂದ. ಎರಡು ಕುರಿ ಮಾರಿ, ಸಿಇಟಿ ತರಬೇತಿಗೆಂದು ಅವ್ವ ತೆಗೆದಿಟ್ಟಿದ್ದ ಹಣದಲ್ಲಿ ಅರ್ಧ ಹೀಗೆ ಕರಗಿತ್ತು. ಅಪ್ಪ ಏನೂ ಮಾತಾಡಲಿಲ್ಲ. ಮಾತಾಡದಿರುವುದೇ ಆತನ ಬೈಗುಳ.

ಹುಡುಗನ ತಲೆ ಕೆಡಿಸಿದ್ದು ಮೊಬೈಲಿನಲ್ಲಿ ಕಂಡ ‘ಹಾಟ್ ರಾಡ್’ ಕಾರುಗಳು. ಅಮೆರಿಕದ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್ ಕಾರುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡ್, ಬಾನೆಟ್ಟು ಎಂದು ತೂಕ ಕೊಡುವುದನ್ನೆಲ್ಲ ಕಿತ್ತೆಸೆದು, ಎಂಜಿನ್ನನ್ನು ತಾವೇ ತಿದ್ದಿ ಓಡಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ 65 ಅಶ್ವಶಕ್ತಿಯ ಎಂಟು ಸಿಲಿಂಡರಿನ ಎಂಜಿನ್ನನ್ನು ಸಾಮಾನ್ಯರ ಕೈಗೆಟಕುವ ಕಾರಿನಲ್ಲಿ ಕೂರಿಸಿದ ಮೇಲಂತೂ ಈ ಹುಚ್ಚಿಗೆ ಕೊನೆಯೇ ಇರಲಿಲ್ಲ. ಓಡಿಸುತ್ತಿದ್ದದ್ದು ಎಲ್ಲಿ? ಮೊಹಾವಿ ಮರುಭೂಮಿಯ ಮ್ಯುರಾಕ್‌ನಂಥ ಒಣಗಿದ ಕೆರೆಗಳ ಅಂಗಳದಲ್ಲಿ. ಹುಡುಗನಿಗೆ ಬೇಕಾದದ್ದು ಇಷ್ಟೇ. ಎಂಜಿನ್ ಇಲ್ಲದಿದ್ದರೂ ಒಣಗಿದ ಕೆರೆಗೆ ಜಗಳೂರು ಸೀಮೆಯಲ್ಲಿ ಯಾವ ಕಾಲದಲ್ಲಿ ಬರ ಬಂದಿದೆ!

ಟ್ರ್ಯಾಕ್ಟರ್ ಟ್ರೈಲರಿಗೆ ಬೆಸುಗೆ ಹಾಕುವವರ ಬಳಿ ಚೌಕ ಪೈಪಿನ ಚೌಕಟ್ಟು ತಯಾರಾಯಿತು. ಮುಂದಕ್ಕೆ ಹಳೆಯ ಸ್ಕೂಟರಿನ ಎರಡು ಚಕ್ರ. ಅವುಗಳ ಅಚ್ಚನ್ನು ಕಡೆಸಲು ಹರಿಹರಕ್ಕೇ ಹೋಗಬೇಕಾಯಿತು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಊರು ಅದು; ಆ ಕಾರ್ಖಾನೆ ಮುಚ್ಚಿದರೂ ಲೇತ್ ಬಲ್ಲ ಕೈಗಳು ಅಲ್ಲಿ ಉಳಿದಿವೆ.

ಗಾಡಿ ತಿರುಗುವಾಗ ಹೊರಸುತ್ತಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಸುತ್ತಿನದು ಕಡಿಮೆ. ಎತ್ತಿನ ಬಂಡಿಗೆ ಇದು ತೊಂದರೆಯೇ ಅಲ್ಲ. ಅದರ ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಎರಡೂ ಚಕ್ರಗಳನ್ನು ಒಂದೇ ಎಂಜಿನ್ ತಿರುಗಿಸಬೇಕಾದಾಗ ಡಿಫರೆನ್ಷಿಯಲ್ ಬೇಕು. ಅದು ಆಟೊದ ಜೊತೆಗೇ ಬಂದಿತ್ತು. ಹುಡುಗ ಎಡವಿದ್ದು ಮುಂದಿನ ಚಕ್ರಗಳಲ್ಲಿ. ಎರಡೂ ಒಂದೇ ಕೋನಕ್ಕೆ ತಿರುಗುವಂತೆ ಕೂರಿಸಿದ್ದರಿಂದ ತಿರುವಿನಲ್ಲಿ ಟೈರು ನೆಲಕ್ಕೆ ಉಜ್ಜಿ ಕಿರುಚುತ್ತಿತ್ತು. ಒಳಚಕ್ರ ಚಿಕ್ಕ ವೃತ್ತದಲ್ಲಿ ಓಡುವುದರಿಂದ ಅದು ಹೆಚ್ಚು ತಿರುಗಬೇಕು. ಮೋಟಾರು ಕಾರು ಹುಟ್ಟುವ ಮೊದಲೇ, ಕುದುರೆ ಸಾರೋಟಿಗಾಗಿ ಜರ್ಮನಿಯ ಲಾಂಕೆನ್‌ಸ್ಪೆರ್ಗರ್ ಎಂಬಾತ ಇದಕ್ಕೆ ಉಪಾಯ ಹುಡುಕಿದ್ದ. 1818ರಲ್ಲಿ ಲಂಡನ್ನಿನಲ್ಲಿ ಅದರ ಪೇಟೆಂಟ್ ಪಡೆದ ಆಕರ್‌ಮನ್‌ನ ಹೆಸರೇ ಉಳಿಯಿತು, ಪಾಪ. ಚಕ್ರ ತಿರುಗಿಸುವ ತೋಳುಗಳನ್ನು ತುಸು ಒಳಕ್ಕೆ ಓರೆಯಾಗಿಸಬೇಕು; ಆ ಓರೆಗೆರೆಗಳನ್ನು ಹಿಂದಕ್ಕೆ ಎಳೆದರೆ ಹಿಂದಿನ ಅಚ್ಚಿನ ನಡುವೆ ಕೂಡಬೇಕು. ಹುಡುಗ ಅವ್ವನ ರಂಗೋಲಿ ಪುಡಿ ಮತ್ತು ದಾರ ತಂದು ಹಿತ್ತಲ ನೆಲದ ಮೇಲೆ ಆ ಗೆರೆಗಳನ್ನು ಎಳೆದ. ಪಠ್ಯಪುಸ್ತಕದ ರೇಖಾಗಣಿತ ಆ ದಿನ ಹುಡುಗನ ಮೊಣಕಾಲಿಗೆಲ್ಲ ಮೆತ್ತಿಕೊಂಡಿತ್ತು.

ಗಾಡಿಯನ್ನು ಕೆರೆಗೆ ಒಯ್ದದ್ದು ಎತ್ತಿನ ಬಂಡಿಯ ಮೇಲೆ ಹೇರಿ. ನಂಬರಿಲ್ಲದ ಗಾಡಿ ರಸ್ತೆ ಮುಟ್ಟಕೂಡದು ಎಂಬುದೊಂದೇ ಅಪ್ಪ ಹಾಕಿದ ಷರತ್ತು. ಅಂಗಳದ ಆ ತುದಿಯಲ್ಲಿ ತಂಗಿ ಕೆಂಪು ಟವೆಲ್ ಹಿಡಿದು ನಿಂತಳು. ಹುಡುಗ ಏರಿಯ ಇಳಿಜಾರಿನಿಂದ ಗಾಡಿ ಬಿಟ್ಟ. ಓಡಿತು. ಊರ ಹುಡುಗರೆಲ್ಲ ಸಿಳ್ಳೆ ಹೊಡೆದರು. ತಂಗಿ ಹತ್ತಿರವಾದಾಗ ಬ್ರೇಕ್ ತುಳಿದ. ಹಿಂದಿನ ಚಕ್ರಗಳು ಕಚ್ಚಿಕೊಂಡವು, ಗಾಡಿ ನಿಲ್ಲುವ ಬದಲು ಬಾಲ ತಿರುಗಿಸಿ ಬುಗುರಿಯಂತೆ ಸುತ್ತಿತು. ಧೂಳು ಇಳಿದಾಗ ಟವೆಲ್ಲಿಗೂ ಗಾಡಿಗೂ ನಾಲ್ಕು ಮೊಳ.

ಅಪ್ಪ ಏರಿ ಇಳಿದು ಬಂದು ಮಗಳನ್ನು ಎತ್ತಿಕೊಂಡು ನಡೆದ. ಆಗಲೂ ಮಾತಿಲ್ಲ.

ಹುಡುಗನ ಗಾಡಿಗೆ ಬ್ರೇಕ್ ಇದ್ದದ್ದು ಹಿಂದೆ ಮಾತ್ರ. ಮುಂದಿನ ಎರಡು ಕೇಬಲ್ ಸಮನಾಗಿ ಎಳೆಯುತ್ತಿಲ್ಲವೆಂದು ಅವನ್ನು ಕಟ್ಟದೆ ಬಿಟ್ಟಿದ್ದ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಗಳು ಹಗುರವಾಗುತ್ತವೆ. ಹಗುರಾದ ಚಕ್ರ ಬೇಗ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡು ಜಾರುವ ಚಕ್ರಕ್ಕೆ ಅಡ್ಡ ಜಾರುವುದನ್ನು ತಡೆಯುವ ಶಕ್ತಿ ಇರುವುದಿಲ್ಲ.

ರಾತ್ರಿ ಊಟ ಮುಗಿಸಿ ಅಪ್ಪ ಹಿತ್ತಲಿಗೆ ಬಂದು ಗಾಡಿಯ ಮುಂದೆ ಕೂತ.

‘ಇಳಿಜಾರಿನಾಗೆ ತುಂಬಿದ ಬಂಡಿ ತಡೆಯೋವು ಯಾವಲೇ?’

‘ಎತ್ತುಗಳು.’

‘ಅವು ಎಲ್ಲಿರ್ತಾವೆ?’

‘ಮುಂದೆ.’

‘ಮತ್ತೆ?’ ಎಂದು ಅಪ್ಪ ಬೀಡಿ ಹಚ್ಚಿದ. ಕೇಬಲ್ ಸಮನಾಗಿ ಎಳೆಯದ ಕಷ್ಟ ಕೇಳಿದ ಮೇಲೆ, ‘ನೊಗದ ನಡುವಿಗೆ ಕಟ್ಟು, ಎರಡೂ ಎತ್ತಿಗೆ ಸಮ ಬೀಳ್ತೈತೆ’ ಎಂದ. ಮರುದಿನ ಒಂದು ಗೇಣು ಕಬ್ಬಿಣದ ಪಟ್ಟಿಯ ಎರಡು ತುದಿಗೆ ಎರಡು ಕೇಬಲ್, ನಡುವಿಗೆ ಪೆಡಲಿನ ಎಳೆತ. ಎಂಜಿನಿಯರಿಂಗ್ ಪುಸ್ತಕಗಳಲ್ಲೂ ಇದೇ ಇದೆ, ಹೆಸರು ಬೇರೆ.

ಎರಡು ವಾರದ ಮೇಲೆ ಮತ್ತೆ ಕೆರೆ. ಈ ಸಲ ಎದುರಿಗೆ ಯಾರೂ ಇಲ್ಲ. ತಂಗಿ ಏರಿಯ ಮೇಲೆ ಅಪ್ಪನ ಪಕ್ಕ. ಗೆಳೆಯನ ಬೈಕು ಪಕ್ಕದಲ್ಲೇ ಓಡಿ ವೇಗ ಹೇಳಿತು, ಹಗ್ಗ ಹಿಡಿದು ದೂರ ಅಳೆದರು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ತುಳಿದರೆ ಸುಮಾರು 4 ಮೀಟರಿಗೆ ನಿಂತಿತು. 40ಕ್ಕೆ 8 ಮೀಟರ್ ಆದೀತೆಂದು ಬಾಜಿ ಕಟ್ಟಿದ್ದ ಗೆಳೆಯ ಸೋತ; ಹತ್ತಿರಹತ್ತಿರ 16. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟು ಎಂಬ ಸೂತ್ರವನ್ನು ಪರೀಕ್ಷೆಯಲ್ಲಿ ಬರೆದು ಎರಡು ಅಂಕ ಪಡೆದವನೇ ಆತ!

ಅಮೆರಿಕದ ಹುಡುಗರೂ ಬೀದಿಯಲ್ಲಿ ಪಂದ್ಯ ಕಟ್ಟಿ ಅನಾಹುತ ಮಾಡಿಕೊಂಡವರೇ. 1951ರಲ್ಲಿ ವಾಲಿ ಪಾರ್ಕ್ಸ್ ಎಂಬಾತ ಸಂಘ ಕಟ್ಟಿ ಅವರನ್ನು ಬೀದಿಯಿಂದ ನಿಯಮವುಳ್ಳ ಪಂದ್ಯದ ಅಂಗಳಕ್ಕೆ ತಂದ. ನಮ್ಮಲ್ಲಿ 2019ರ ಸೆಪ್ಟೆಂಬರಿನಿಂದ, 18 ತುಂಬದ ಮಕ್ಕಳು ರಸ್ತೆಯಲ್ಲಿ ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಸೊಕ್ಕೆಯ ಅಪ್ಪ ಕಾನೂನು ಓದಿ ಷರತ್ತು ಹಾಕಿದವನಲ್ಲ.

ಸಿಇಟಿಯ ರ‍್ಯಾಂಕು ಹೇಳಿಕೊಳ್ಳುವಂತಿರಲಿಲ್ಲ. ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಸೇರಿದ. 2022ರ ಮಳೆಗೆ ಕೆರೆಗೆ ನೀರು ಬಂದು ಓಡಿಸಿದ ಜಾಗವೆಲ್ಲ ಮುಳುಗಿತು. ಗಾಡಿ ಹಿತ್ತಲಲ್ಲೇ ಇದೆ. ಅದರ ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಡುತ್ತದೆ. ಒಂದೊಂದು ಮೊಟ್ಟೆ ತೆಗೆಯುವಾಗಲೂ ಅವ್ವ, ಕುರಿ ಮಾರಿದ ದುಡ್ಡಲ್ಲಿ ಇನ್ನೆಷ್ಟು ಬರಬೇಕು ಎಂದು ಮಗನಿಗೆ ಕೇಳಿಸುವಂತೆ ಲೆಕ್ಕ ಹೇಳುತ್ತಾಳೆ.