ಸಾಂಬ್ರಾದಿಂದ ಕಾಣುವ ಬಾನಂಚು

ಬೆಳಗಾವಿಯಿಂದ ಬಾಗಲಕೋಟೆ ರಸ್ತೆ ಹಿಡಿದು ಸುಮಾರು 10 ಕಿ.ಮೀ. ಸಾಗಿದರೆ ಸಾಂಬ್ರಾ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಇಲ್ಲಿ ವಿಮಾನ ನಿಲ್ದಾಣ ಕಟ್ಟಿತು. ಇಂದು ಪ್ರಯಾಣಿಕರ ನಿಲ್ದಾಣದ ಜೊತೆಗೆ ಭಾರತೀಯ ವಾಯುಪಡೆಯ ತರಬೇತಿ ಶಾಲೆಯೂ ಇಲ್ಲಿದೆ. ಬೆಂಗಳೂರು, ಮುಂಬಯಿಗಳಿಂದ ರಜೆಗೆ ಬಂದಿಳಿಯುವ ಮಕ್ಕಳ ಮೊದಲ ಪ್ರಶ್ನೆ: 'ಇಲ್ಲಿ ಎತ್ತರದ ಬಿಲ್ಡಿಂಗುಗಳೇ ಇಲ್ಲವೇ?'

ನಿಲ್ದಾಣದ ಸುತ್ತಲಿನ ಮಟ್ಟಿಗೆ ಉತ್ತರ ಸುಲಭ. ದೊಡ್ಡ ವಿಮಾನ ನಿಲ್ದಾಣಗಳ ಸುತ್ತ 4 ಕಿ.ಮೀ.ವರೆಗೆ, ನಿಲ್ದಾಣದ ಮಟ್ಟದಿಂದ 45 ಮೀಟರ್ ಮೇಲೆ, ಕಣ್ಣಿಗೆ ಕಾಣದ ಚಪ್ಪರವೊಂದಿದೆ ಎಂದುಕೊಳ್ಳಿ. ಅಂತರರಾಷ್ಟ್ರೀಯ ನಿಯಮದಂತೆ ಕಟ್ಟಡಗಳು ಅದನ್ನು ದಾಟಬಾರದು. ವಿಮಾನ ಇಳಿಯುವ ದಾರಿಯಲ್ಲಿ ಚಪ್ಪರ ಇನ್ನೂ ತಗ್ಗು. ಎತ್ತರದ ಲೆಕ್ಕ ನೆಲದಿಂದಲ್ಲ, ಸಮುದ್ರಮಟ್ಟದಿಂದ. ಹಾಗಾಗಿ ದಿಬ್ಬದ ಮೇಲೆ ಕಟ್ಟುವವರಿಗೆ ಮಹಡಿಗಳು ಕಡಿಮೆಯೇ.

ಬೆಳಗಾವಿ ಪೇಟೆಯಾದರೋ ಈ ಚಪ್ಪರದ ಆಚೆಗಿದೆ. ಆದರೂ ಅದರ ಬಾನಂಚು ತಗ್ಗು. ರಟ್ಟರ ಕಾಲದಲ್ಲಿ, 1204ರಲ್ಲಿ ಕಟ್ಟಿದ ಕೋಟೆ, ಕಂದಕದೊಳಗೆ ನೆಲಕ್ಕಂಟಿ ಕುಳಿತಿದೆ. ದಂಡಿನ ಕ್ಯಾಂಪಿನಲ್ಲಿ ಹಳೆಯ ಬಂಗಲೆಗಳು, ಮರಗಳು. ಎಲ್ಲಕ್ಕಿಂತ ಎತ್ತರವಾಗಿ ಕಣ್ಣಿಗೆ ಬೀಳುವುದು ಕೋಟೆಕೆರೆಯ ದಡದಲ್ಲಿ 2018ರಲ್ಲಿ ನಿಲ್ಲಿಸಿದ 110 ಮೀಟರಿನ ಧ್ವಜಸ್ತಂಭ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ 1973ರಲ್ಲಿ ಎದ್ದು, ಊರಿಗೆ ಊರೇ ಕತ್ತೆತ್ತಿ ನೋಡಿದ 25 ಮಹಡಿಯ ಯುಟಿಲಿಟಿ ಬಿಲ್ಡಿಂಗ್ ಕೂಡ ಅದಕ್ಕಿಂತ ತುಸು ಗಿಡ್ಡ!

ಮುಂಬಯಿಯ ಕಥೆ ಬೇರೆ. ಮೂರು ಕಡೆ ನೀರು. ಊರು ಹಬ್ಬಲು ನೆಲವಿಲ್ಲ. ಗಿರಣಗಾಂವದ ಬಾನಂಚಿನಲ್ಲಿ ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಹೊಗೆಕೊಳವೆಗಳಿದ್ದವು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದಲ್ಲೇ ಇಂದು ಗಗನಚುಂಬಿ ಗೋಪುರಗಳು ನಿಂತಿವೆ. ದೂರದಿಂದ ನೋಡಿ ಬೆರಗಾಗುವವರಿಗೆ, ಅಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಮನೆಗಳ ನೆನಪಾಗದು.

ಹಾಗೆಂದು ತಗ್ಗು ಊರೇ ಲೇಸು ಎನ್ನುವಂತೆಯೂ ಇಲ್ಲ. ಮೇಲಕ್ಕೆ ಬೆಳೆಯದ ಊರು ಅಗಲಕ್ಕೆ ಬೆಳೆಯುತ್ತದೆ. ಆಗ ಬಡಾವಣೆಯಾಗುವುದು ರೈತನ ಹೊಲ.

ಮುಂದಿನ ಸಲ ವಿಮಾನ ಸಾಂಬ್ರಾದಲ್ಲಿ ಇಳಿಯುವಾಗ ಮಕ್ಕಳು ಕಿಟಕಿಯಿಂದ ಮಹಡಿಗಳನ್ನಷ್ಟೇ ಎಣಿಸದಿರಲಿ. ಊರು ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಎಂಬುದನ್ನೂ ಅಪ್ಪ-ಅಮ್ಮ ತೋರಿಸಲಿ. ಆ ಗೆರೆ ವರ್ಷ ವರ್ಷಕ್ಕೂ ಸರಿಯುತ್ತದೆ. ನಾಳೆ ಅದನ್ನು ಎಳೆಯುವವರು ಇದೇ ಮಕ್ಕಳು.